ಅಂಗೈ ಬೆವರು ಪೂರ್ತಿ ಬಂದ್ ಆಗಬೇಕು: ಗುಳಿಗೆ ನುಂಗಲಾ, ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸಲಾ?

ಕಲಬುರಗಿ ಜಿಲ್ಲೆಯ ಅಫಜಲಪುರದಿಂದ ನೀವು ಬರೆದ ಪ್ರಶ್ನೆ ಓದಿದೆ: ಅಂಗೈ ಸದಾ ಬೆವರುತ್ತದೆ, ಪರೀಕ್ಷೆ ಹತ್ತಿರ ಬಂದಿದೆ, ಗೆಳೆಯ ತಂದುಕೊಟ್ಟ ಗುಳಿಗೆ ನುಂಗಲೋ, ಆಪರೇಷನ್ ಮಾಡಿಸಲೋ ಅಂತ. ಪರೀಕ್ಷೆಯಲ್ಲಿ ಉತ್ತರದ ಗುಂಡಿ ತುಂಬುವ ಒಎಂಆರ್ ಹಾಳೆ ಒದ್ದೆಯಾಗುವುದು, ಎಡಗೈಯಲ್ಲಿ ದಸ್ತಿ ಒತ್ತಿಕೊಂಡೇ ಬರೆಯುವುದು, ಯಾರಾದರೂ ಕೈ ಕುಲುಕಲು ಬಂದರೆ ದೂರದಿಂದಲೇ ನಮಸ್ಕಾರ ಮಾಡುವುದು. ನೀವು ಬರೆದದ್ದೆಲ್ಲ ನನ್ನ ಹಳೇ ಕಥೆಯೇ. ಬೆವರನ್ನು ಪೂರ್ತಿ ನಿಲ್ಲಿಸುವ ಗುಳಿಗೆ ಇದೆಯಂತೆ ಅಂತ ಕೇಳಿದ್ದೀರಿ. ಇದೆ. ನಾನು ನುಂಗಿದ್ದೇನೆ. ನುಂಗಿದ್ದಕ್ಕೇ ಹೇಳುತ್ತಿದ್ದೇನೆ, ನೀವು ಕೇಳಬೇಕಾದ ಪ್ರಶ್ನೆ ಇದಲ್ಲ. ಅಫಜಲಪುರದಂಥ ಬಿಸಿಲ ಊರಲ್ಲಿ ಇರುವವರು ಮೈ ಬೆವರು ಪೂರ್ತಿ ನಿಲ್ಲಲಿ ಅಂತ ಆಸೆಪಡಲೇಬಾರದು.

ನಾನು ಯಾದಗಿರಿ ಜಿಲ್ಲೆಯಲ್ಲಿ ಪರವಾನಗಿ ಭೂಮಾಪಕ. ಹೊಲದ ಒಂದು ಭಾಗ ಮಾರಲು ಬೇಕಾಗುವ 11ಇ ನಕ್ಷೆ, ಪಾಲಾದ ಹೊಲಕ್ಕೆ ಬೇರೆ ನಂಬರು ಮಾಡುವ ಪೋಡಿ, ಇದೇ ಕೆಲಸ. ಅದಕ್ಕೂ ಮೊದಲು ಕಲಬುರಗಿಯಲ್ಲಿ ಸಿವಿಲ್ ಡಿಪ್ಲೊಮಾ ಓದುವಾಗ ಡ್ರಾಯಿಂಗ್ ಶೀಟಿನ ಮೇಲೆ ಕೈ ಊರಿದರೆ ಅಲ್ಲಿ ಕಾಗದ ಉಬ್ಬಿ ನಿಲ್ಲುತ್ತಿತ್ತು. ಅಂಗೈ ಅಡಿಗೆ ಹಳೇ ಪೇಪರು ಇಟ್ಟುಕೊಂಡು ಗೆರೆ ಎಳೆಯುತ್ತಿದ್ದೆ. ಕೆಲಸಕ್ಕೆ ಬಂದ ಮೇಲೆ ಹಳೇ ಟಿಪ್ಪಣಿಯ (ಹೊಲದ ಮೂಲ ಅಳತೆಯ ದಾಖಲೆ) ನಕಲು ಕೈಯಲ್ಲಿ ಹಿಡಿದರೆ ಶಾಯಿ ಹರಡಿ ಅಂಕಿ ಅಳಿಸುತ್ತಿತ್ತು. ಬೆರಳ ಗುರುತು ಓದುವ ಯಂತ್ರದ ಮೇಲೆ ಬೆರಳು ಇಟ್ಟರೆ ಒಮ್ಮೆಯೂ ಸರಿಯಾಗಿ ತಗೊಳ್ಳುತ್ತಿರಲಿಲ್ಲ, ಹಿಂದೆ ನಿಂತವರು ಗೊಣಗುತ್ತಿದ್ದರು.

ಎಲ್ಲರೂ ಹೇಳುತ್ತಿದ್ದದ್ದು ಒಂದೇ: ನಮ್ಮ ಕಡೆ ಬಿಸಿಲು ಹಾಗಿದೆ, ಏನು ಮಾಡೋದು. ನೀವೂ ಅದನ್ನೇ ಬರೆದಿದ್ದೀರಿ. ಅದು ಸುಳ್ಳು. ಡಿಸೆಂಬರ್ ಚಳಿಯಲ್ಲಿ, ಬ್ಯಾಂಕಿನ ಎಸಿ ಕೋಣೆಯಲ್ಲಿ ಸಹಿ ಹಾಕುವಾಗಲೂ ನನ್ನ ಕೈಯಿಂದ ಹನಿ ಬೀಳುತ್ತಿತ್ತು. ಸತ್ಯ ಹಿಡಿದವಳು ನಮ್ಮವ್ವ. ಅವಳಿಗೆ ವೈದ್ಯಶಾಸ್ತ್ರ ಗೊತ್ತಿಲ್ಲ, ಆದರೆ ಒಂದು ಬೇಸಿಗೆ ರಾತ್ರಿ ನಾನು ಮಲಗಿದ್ದಾಗ ಕೈ ಮುಟ್ಟಿ ನೋಡಿ ಬೆಳಗ್ಗೆ ಅಂದಳು: "ಮಲಗಿದಾಗ ನಿನ್ನ ಕೈ ಒಣಗಿರ್ತಾವಲ್ಲೋ, ಶೆಕಿಗಿ ಬರೋದಿದ್ರ ಆವಾಗೂ ಬರಬೇಕಲ್ಲ." ಮುಂದೆ ವೈದ್ಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೂ ಅದೇ ಆಗಿತ್ತು. ಅಂಗೈ, ಅಂಗಾಲಿನ ಬೆವರಿಗೆ ಮುಖ್ಯ ಕಾರಣ ಬಿಸಿಲಲ್ಲ, ಮನಸ್ಸಿನ ಒತ್ತಡ ಮತ್ತು ಅದಕ್ಕೆ ಓಗೊಡುವ ನರಗಳು. ಕೆಲವರಲ್ಲಿ ಆ ನರಗಳು ಸಣ್ಣ ಕಾರಣಕ್ಕೂ, ಕಾರಣವೇ ಇಲ್ಲದೆಯೂ, ಅತಿಯಾಗಿ ಕೆಲಸ ಮಾಡುತ್ತವೆ. ಇದಕ್ಕೆ ಹೈಪರ್‌ಹೈಡ್ರೋಸಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ, ಎರಡೂ ಕೈಗೆ ಒಂದೇ ಸಮ ಬರುತ್ತದೆ, ನಿದ್ದೆಯಲ್ಲಿ ನಿಲ್ಲುತ್ತದೆ, ಎಷ್ಟೋ ಮನೆಗಳಲ್ಲಿ ಅಪ್ಪನಿಗೋ ಅವ್ವನಿಗೋ ಇದ್ದೇ ಇರುತ್ತದೆ. ಬೆವರಿನ ಗ್ರಂಥಿಗಳಲ್ಲಿ ದೋಷವಿಲ್ಲ. ನೀವು ಹೆದರುಪುಕ್ಕಲರೂ ಅಲ್ಲ. ಹಾಗೆ ಅಂದವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಮ್ಮದು ಹೀಗಲ್ಲದೆ ಇತ್ತೀಚೆಗೆ ಒಮ್ಮೆಲೇ ಶುರುವಾಗಿದ್ದರೆ, ಕೈಕಾಲಿಗಷ್ಟೇ ಅಲ್ಲದೆ ಮೈಯೆಲ್ಲ ಬೆವರುತ್ತಿದ್ದರೆ, ರಾತ್ರಿ ಹಾಸಿಗೆ ತೋಯುತ್ತಿದ್ದರೆ, ಜೊತೆಗೆ ತೂಕ ಇಳಿಯುತ್ತಿದ್ದರೆ ಅಥವಾ ಜ್ವರ ಬರುತ್ತಿದ್ದರೆ, ಇಲ್ಲಿ ಉತ್ತರ ಓದುತ್ತಾ ಕೂರಬೇಡಿ. ಥೈರಾಯ್ಡ್, ಸಕ್ಕರೆ, ಟಿಬಿ, ಈಗಾಗಲೇ ತಗೊಳ್ಳುತ್ತಿರುವ ಬೇರೆ ಗುಳಿಗೆ, ಇವೆಲ್ಲ ಕಾರಣ ಆಗಬಹುದು, ಪರೀಕ್ಷೆ ಮಾಡಿಸಿ.

ಕಲಬುರಗಿಯ ಒಂದು ದವಾಖಾನೆಯ ಚರ್ಮರೋಗ ವಿಭಾಗದಲ್ಲಿ ನನ್ನ ಅಂಗೈಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಮೆಕ್ಕೆಜೋಳದ ಹಿಟ್ಟು ಉದುರಿಸಿದರು. ಮೊದಲು ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಬೆರಳ ತುದಿಯಲ್ಲಿ ಎದ್ದವು. ನೋಡನೋಡುತ್ತಲೇ ಚುಕ್ಕೆಗೆ ಚುಕ್ಕೆ ಕೂಡಿ ಅಂಗೈ ಪೂರಾ ನೀಲಿಗಪ್ಪಾಯಿತು. ಬೆವರು ಎಲ್ಲಿ ಬರುತ್ತದೋ ಅಲ್ಲಿ ಅಯೋಡಿನ್ ಮತ್ತು ಹಿಟ್ಟಿನ ಪಿಷ್ಟ ಕೂಡಿ ಹೀಗಾಗುತ್ತದೆ. ನನ್ನ ಕಷ್ಟ ಬರೀ ಕಲ್ಪನೆಯಲ್ಲ ಅಂತ ಬೇರೆಯವರ ಕಣ್ಣಿಗೂ ಕಂಡದ್ದು ಅವತ್ತೇ. ಹಚ್ಚುವ ಔಷಧ ಒಂದು ಬರೆದರು. ಜೊತೆಗೆ ಬೆವರು ತಡೆಯುವ ಗ್ಲೈಕೋಪೈರೊಲೇಟ್ ಗುಳಿಗೆ, ಪರೀಕ್ಷೆ, ಸಂದರ್ಶನ ಇಂಥ ದಿನಕ್ಕೆ ಮಾತ್ರ, ಒಂದೇ, ಬಿಸಿಲಿಗೆ ಹೋಗುವ ದಿನ ಬೇಡ ಅಂತ ಒತ್ತಿ ಹೇಳಿದರು.

ಈಗ ನನ್ನ ತಪ್ಪು ಕೇಳಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ನೀವು ಮಾಡಹೊರಟಿರುವುದೂ ಅದೇ.

ಗುಳಿಗೆ ನುಂಗಿದ ಮೊದಲ ದಿನ ಕೈ ಮುಕ್ಕಾಲು ಒಣಗಿತು. ನನಗೆ ಅಷ್ಟು ಸಾಲಲಿಲ್ಲ, ಪೂರ್ತಿ ಬೇಕಾಯಿತು. ಹಳೇ ಚೀಟಿ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಿದ್ದರು, ನಾನೇ ಒಂದನ್ನು ಎರಡು ಮಾಡಿಕೊಂಡೆ. ಅದೂ ಮೇ ತಿಂಗಳಲ್ಲಿ, ಶಹಾಪುರ ತಾಲ್ಲೂಕಿನ ಒಂದು ಹೊಲದ ಅಳತೆಗೆ ಹೋಗುವ ಬೆಳಗ್ಗೆ. ತೊಗರಿ, ಹತ್ತಿ ಕಿತ್ತು ಹೊಲ ಖಾಲಿ ಇರುವುದು ಆಗಲೇ, ಅದಕ್ಕೇ ನಮ್ಮ ಕೆಲಸ ಜೋರಾಗಿ ನಡೆಯುವುದೂ ಆಗಲೇ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆಗೆ ಬದಲಿಸುತ್ತಾರೆ. ಅಂಥ ಬಿಸಿಲಲ್ಲಿ ಮಧ್ಯಾಹ್ನದ ತನಕ ಕರಿ ಮಣ್ಣಿನ ಮೇಲೆ ನಿಂತಿದ್ದೆ.

ಎರಡು ತಾಸು ನಾನು ಖುಷಿಯಾಗಿದ್ದೆ. ಟಿಪ್ಪಣಿ ಒಣ, ಪೆನ್ನು ಒಣ, ಅಂಗಿಯ ಬೆನ್ನೂ ಒಣ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಬೇಸಿಗೆ ಅಂತ ಸುಮ್ಮನಾದೆ. ಆಮೇಲೆ ದೂರ, ಕೋನ ಅಳೆಯುವ ಉಪಕರಣ ಟೋಟಲ್ ಸ್ಟೇಷನ್ನಿನ ಪರದೆಯ ಅಂಕಿ ಮಸುಕಾಯಿತು. ದೂರದ ಬೇವಿನ ಮರ, ಗಡಿಯ ಬಾಂದು ಕಲ್ಲು ಎಲ್ಲ ಸ್ಪಷ್ಟ ಕಾಣುತ್ತವೆ, ಕೈ ಹತ್ತಿರದ ಅಂಕಿ ಮಾತ್ರ ಇಲ್ಲ. ಉಪಕರಣ ಕೆಟ್ಟಿದೆ ಅಂದುಕೊಂಡು ಪರದೆ ಒರೆಸಿದೆ. ಎದೆ ಡವಗುಟ್ಟುತ್ತಿತ್ತು, ತಲೆ ಸಿಡಿಯುತ್ತಿತ್ತು. ಅಳತೆಯ ಕೋಲು ಹಿಡಿದು ನಿಂತಿದ್ದ ಕಾಕಾ ನನ್ನ ಮುಖ ನೋಡಿ ಓಡಿ ಬಂದು ಕುತ್ತಿಗೆ ಮುಟ್ಟಿದರು. "ಸಾಹೇಬ್ರ, ಮೈ ಕಾದ ತವಿ ಆಗ್ಯಾದಲ್ರಿ. ಬೆವರಽ ಇಲ್ಲ ನಿಮಗ!" ಅಂದರು. ಬೆವರಿಲ್ಲ ಅಂತ ನಾನು ಹಿಗ್ಗಿದ್ದೆ, ಅದನ್ನೇ ನೋಡಿ ಅವರು ಹೆದರಿದ್ದರು. ಬೇವಿನ ನೆರಳಿಗೆ ಎಳೆದೊಯ್ದು, ಕುಡಿಯಲು ತಂದಿದ್ದ ಕೊಡದ ನೀರು ನನ್ನ ತಲೆ, ಎದೆ, ಕಂಕುಳಿಗೆಲ್ಲ ಸುರಿದು ಟವೆಲಿನಿಂದ ಗಾಳಿ ಹಾಕಿದರು. ನಾನು ಉಳಿದದ್ದು ಅದರಿಂದ.

ಏನಾಯಿತು ಅಂತ ದವಾಖಾನೆಯಲ್ಲಿ ಮಲಗಿದಾಗ ತಿಳಿಯಿತು. ಬೆವರಿನ ಗ್ರಂಥಿಗೆ ನರದಿಂದ ಸುದ್ದಿ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಗುಳಿಗೆ ಆ ಸುದ್ದಿ ಮುಟ್ಟದಂತೆ ತಡೆಯುತ್ತದೆ, ಆದರೆ ಅಂಗೈ ಯಾವುದು, ಬೆನ್ನು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದೇ ಸುದ್ದಿಯಿಂದ ನಡೆಯುವ ಜೊಲ್ಲು, ಹತ್ತಿರದ್ದು ನೋಡಲು ಕಣ್ಣು ಮಾಡಿಕೊಳ್ಳುವ ಹೊಂದಾಣಿಕೆ, ಕರುಳು, ಮೂತ್ರಕೋಶ ಎಲ್ಲದರ ಮೇಲೂ ಕೈ ಇಡುತ್ತದೆ. ನನ್ನ ಕಣ್ಣು ಮಂಜಾದದ್ದು, ಮೂತ್ರ ಕಟ್ಟಿದಂತಾದದ್ದು ಅದಕ್ಕೇ. ಇನ್ನು ಬಿಸಿಲಿನ ಲೆಕ್ಕ. ಗಾಳಿ ತಂಪಾಗಿದ್ದರೆ ಮೈಯ ಕಾವು ಗಾಳಿಗೆ ಹೋಗುತ್ತದೆ. ನಮ್ಮ ಚರ್ಮದ ಕಾವು ಸುಮಾರು 35 ಡಿಗ್ರಿ. ಹೊರಗೆ 42 ಇದ್ದರೆ ಗಾಳಿಯೇ ನಮಗೆ ಕಾವು ತುಂಬುತ್ತದೆ. ಆಗ ಮೈ ತಣ್ಣಗಾಗಲು ಉಳಿಯುವ ದಾರಿ ಒಂದೇ, ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಕಾವನ್ನು ಒಯ್ಯುತ್ತದೆ. ನಾನು ಆ ದಾರಿಯನ್ನೇ ಮುಚ್ಚಿಕೊಂಡು ಹೊಲದಲ್ಲಿ ನಿಂತಿದ್ದೆ. ಕಾಕಾ ಸುರಿದ ನೀರು ಮೈಮೇಲೆ ಆವಿಯಾಗಿ, ಬೆವರು ಮಾಡಬೇಕಿದ್ದ ಕೆಲಸ ಮಾಡಿತು. ನೀರು ಎಷ್ಟು ಕುಡಿದರೂ ಬೆವರು ಹೊರಬರದಿದ್ದರೆ ಆ ಕೆಲಸ ಆಗುವುದಿಲ್ಲ. ಮೈ ಕುದಿಯುತ್ತಿದ್ದು ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ, ಮೈಮೇಲೆ ನೀರು ಹಾಕುತ್ತಲೇ 108ಕ್ಕೆ ಫೋನ್ ಮಾಡಬೇಕು.

ಅವತ್ತಿನ ಅಳತೆ ಪೂರಾ ರದ್ದು ಮಾಡಬೇಕಾಯಿತು. ಅಣ್ಣತಮ್ಮಂದಿರ ಪಾಲಿನ ಹೊಲ ಅದು, ತಪ್ಪು ಅಂಕಿಯ ಮೇಲೆ ಕಲ್ಲು ನೆಟ್ಟಿದ್ದರೆ ಮನೆತನವೇ ಒಡೆಯುತ್ತಿತ್ತು. ಆ ಬೇಸಿಗೆಯ ಕೆಲಸವೆಲ್ಲ ಕೈತಪ್ಪಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಹೆದರಿ ಎಲ್ಲ ಚಿಕಿತ್ಸೆಯನ್ನೂ ಬಿಟ್ಟುಬಿಟ್ಟೆ, ಅಪಾಯವಿಲ್ಲದ್ದನ್ನೂ. ವರ್ಷಗಟ್ಟಲೆ ಮತ್ತೆ ಅದೇ ಒದ್ದೆ ಕೈ.

ಅಂಗೈಯ ಬೆವರು ಮೈಯ ಕಾವು ಇಳಿಸುವುದರಲ್ಲಿ ಬಹಳ ಸಣ್ಣ ಪಾಲು. ಅಲ್ಲಿ ಮಾತ್ರ ನಿಲ್ಲಿಸಿದರೆ ಏನೂ ಹಾನಿಯಿಲ್ಲ. ಹಾಗಾಗಿ ಬೇಕಾದ ಜಾಗದಲ್ಲಷ್ಟೇ ಕೆಲಸ ಮಾಡುವ ಚಿಕಿತ್ಸೆ ಹಿಡಿಯಿರಿ. ನನಗೆ ಕೊನೆಗೆ ದಾರಿಯಾದದ್ದು ಐಯಾಂಟೊಫೊರೆಸಿಸ್ ಯಂತ್ರ. ಎರಡು ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ನೀರು ಹಾಕಿ, ಕೈ ಇಟ್ಟು, ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ, ಸಾಮಾನ್ಯವಾಗಿ 15ರಿಂದ 20 ಮಿಲಿಆಂಪ್, 20ರಿಂದ 30 ನಿಮಿಷ, ಮೊದಮೊದಲು ವಾರಕ್ಕೆ ಮೂರು ಸಲ. ಇರುವೆ ಓಡಾಡಿದಂತೆ ಚುರುಗುಟ್ಟುತ್ತದೆ. ಎರಡರಿಂದ ನಾಲ್ಕು ವಾರಕ್ಕೆ ಕೈ ಒಣಗುತ್ತದೆ, ಆಮೇಲೆ ವಾರಕ್ಕೊಮ್ಮೆಯೋ ಇನ್ನೂ ಅಪರೂಪಕ್ಕೋ ಕೂತರೆ ಸಾಕಾಗುತ್ತದೆ, ಬಿಟ್ಟರೆ ಮರಳಿ ಬರುತ್ತದೆ. ಉಂಗುರ, ಬಳೆ ತೆಗೆದಿಡಬೇಕು. ಗಾಯವಿದ್ದರೆ ಮೇಲೆ ವ್ಯಾಸಲೀನ್ ಹಚ್ಚಬೇಕು. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು ಮಾಡಿಸಿಕೊಳ್ಳಬಾರದು. ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಲವಣ ಬಹಳ ಕಡಿಮೆ, ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಬಕೆಟಿಗೆ ಬಿಳಿ ಕಲೆ ಕಟ್ಟುವ ನಮ್ಮ ಬೋರ್‌ವೆಲ್ ನೀರೇ ಇದಕ್ಕೆ ಬಹಳ ಒಳ್ಳೆಯದು.

ಹಚ್ಚುವ ಔಷಧ ಅಂದರೆ ಅಲ್ಯೂಮಿನಿಯಂ ಕ್ಲೋರೈಡ್, ಹೆಚ್ಚಾಗಿ 20 ಶೇಕಡಾ. ರಾತ್ರಿ ಮಲಗುವಾಗ, ಚರ್ಮ ಪೂರ್ತಿ ಒಣಗಿದ್ದಾಗ ಹಚ್ಚಿ ಬೆಳಗ್ಗೆ ತೊಳೆಯಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ನೀರಿನ ಜೊತೆ ಸೇರಿ ಆಮ್ಲವಾಗಿ ಉರಿಯುತ್ತದೆ. ಕಂಕುಳಿಗೆ ಇದು ಚೆನ್ನಾಗಿ ಹತ್ತುತ್ತದೆ, ಅಂಗೈಯ ದಪ್ಪ ಚರ್ಮಕ್ಕೆ ಅಷ್ಟಿಲ್ಲ. ಬೊಟಾಕ್ಸ್ ಚುಚ್ಚುಮದ್ದೂ ಇದೆ, ಅಂಗೈಗೆ ಬಹಳ ನೋವು, ಕೆಲವು ತಿಂಗಳಷ್ಟೇ ಬಾಳುತ್ತದೆ, ಖರ್ಚೂ ಜಾಸ್ತಿ.

ಆಪರೇಷನ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಬೇಡ. ಎದೆಯೊಳಗೆ ಬೆನ್ನುಮೂಳೆಯ ಪಕ್ಕದ ನರದ ಸರಪಳಿಯನ್ನು ಕತ್ತರಿಸುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಕೈಯೇನೋ ಅವತ್ತೇ ಒಣಗುತ್ತದೆ. ಆದರೆ ಬಹಳ ಜನರಿಗೆ ಆ ಮೇಲೆ ಬೆನ್ನು, ಹೊಟ್ಟೆ, ತೊಡೆಯಲ್ಲಿ ಬೆವರು ಹೆಚ್ಚುತ್ತದೆ, ಕೆಲವರಿಗೆ ದಿನಕ್ಕೆ ಮೂರು ಅಂಗಿ ಬದಲಿಸುವಷ್ಟು. ಅದನ್ನು ಹಿಂದಕ್ಕೆ ತಿರುಗಿಸಲು ನಂಬಬಹುದಾದ ದಾರಿ ಇಲ್ಲ. ತಂಪು ಊರಿನವರು ಹೇಗೋ ತಡೆದುಕೊಳ್ಳಬಹುದು, ಕಲಬುರಗಿಯ ಏಪ್ರಿಲ್‌ನಲ್ಲಿ ಅದು ಹೊಸ ನರಕ. ಯಂತ್ರದ ಮುಂದೆ ಒಮ್ಮೆಯೂ ಕೂರದೆ ನೇರ ಹೈದರಾಬಾದ್ ಬಸ್ ಹತ್ತುವುದು ನನಗೆ ಒಪ್ಪಿಗೆಯಿಲ್ಲ.

ನಿಮ್ಮ ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ ಅಂದಿದ್ದೀರಿ, ಯಂತ್ರಕ್ಕೆ ಅಷ್ಟು ಸಮಯ ಸಾಕು, ಈ ವಾರವೇ ಚರ್ಮರೋಗ ವಿಭಾಗಕ್ಕೆ ಹೋಗಿ. ಒಳಗೆ ಹೋಗುವ ಮುನ್ನ ಕೈ ಒರೆಸಿಕೊಳ್ಳಬೇಡಿ, ಹನಿಯುವ ಕೈಯನ್ನೇ ತೋರಿಸಿ. ಗೆಳೆಯ ತಂದುಕೊಟ್ಟ ಗುಳಿಗೆಯ ಸ್ಟ್ರಿಪ್ಪನ್ನೂ ಒಯ್ದು ತೋರಿಸಿ. ಪರೀಕ್ಷೆಯ ದಿನಕ್ಕೆ ಬೇಕೆನಿಸಿದರೆ ಎಷ್ಟು, ಯಾವಾಗ ಅನ್ನುವುದನ್ನು ವೈದ್ಯರೇ ಹೇಳಲಿ, ಮೊದಲ ಗುಳಿಗೆಯನ್ನು ಪರೀಕ್ಷೆಯ ಬೆಳಗ್ಗೆಯೇ ನುಂಗಬೇಡಿ. ಅದಕ್ಕೂ ಮುಂಚೆ ಮನೆಯಲ್ಲಿ, ನೆರಳಲ್ಲಿರುವ ಒಂದು ದಿನ ನುಂಗಿ, ಕಣ್ಣು ಮಂಜಾಗುತ್ತದೆಯೇ ಅಂತ ಸಣ್ಣ ಅಕ್ಷರ ಓದಿ ನೋಡಿ. ಒಎಂಆರ್ ಗುಂಡಿ ತುಂಬುವಾಗ ಅದೇ ಕಣ್ಣು ಬೇಕು.