ನೆಲವೇ ಡೊಂಕಾಗಿತ್ತು: ಹಳೆಯ ಮ್ಯೂಸಿಕಲ್ ಬೋರ್ ಅನ್ನುವವರಿಗೆ

ಇತ್ತೀಚಿನ ಮ್ಯೂಸಿಕಲ್ ಸಿನಿಮಾಗಳು, ಅಂದರೆ ಹಾಡು-ಕುಣಿತದ ಚಿತ್ರಗಳು ಇಷ್ಟ, ಹಳೆಯ ಹಾಲಿವುಡ್ ಕ್ಲಾಸಿಕ್‌ಗಳನ್ನು ಮೂರು ಸಲ ಶುರು ಮಾಡಿ ಅರ್ಧಕ್ಕೇ ಬಿಟ್ಟೆ, ಹಾಗಾದರೆ ಹೊಸದೇ ಮೇಲು ಅಂತ ಒಪ್ಪಿಕೊಂಡುಬಿಡಲಾ ಅಂತ ಕೇಳಿದ್ದೀರಿ. ಈಗಲೇ ಒಪ್ಪಿಕೊಳ್ಳಬೇಡಿ. ಮೊದಲು ನಿಮ್ಮ ಟಿವಿಯ ಪಿಕ್ಚರ್ ಮೆನು ತೆಗೆಯಿರಿ.

ನಾನೂ ವರ್ಷಗಟ್ಟಲೆ ಇದೇ ಮಾತು ಹೇಳಿಕೊಂಡು ತಿರುಗಿದವನು. ಹಳೆಯ ಹಾಲಿವುಡ್‌ನ ನೃತ್ಯತಾರೆ ಫ್ರೆಡ್ ಅಸ್ಟೇರ್ ಏನು ಅಂಥ ಮಹಾ, ಕೈ ಬೀಸುತ್ತಾನೆ, ಅತ್ತಿತ್ತ ಜಾರುತ್ತಾನೆ, ಅಷ್ಟೇ ತಾನೆ ಅಂತ. ಮಾಡಿದ ತಪ್ಪು ಒಂದೇ: ಪರದೆಯ ಎಡಬಲಕ್ಕೆ ಬರುವ ಕಪ್ಪು ಪಟ್ಟಿ ಸಹಿಸಲಾಗದೆ ಟಿವಿಯನ್ನು ‘ಝೂಮ್’ಗೆ ಹಾಕಿ ಮರೆತಿದ್ದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ಕುಣಿಯುವವರು ಚೆನ್ನಾಗಿಯೇ ಕುಣಿಯುತ್ತಿದ್ದರು, ನೆಲವೇ ಡೊಂಕಾಗಿತ್ತು. ಡೊಂಕು ಅನ್ನುವುದಕ್ಕಿಂತ, ನೆಲವೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. 1953ರಲ್ಲಿ ಅಗಲ ಪರದೆ ಬರುವವರೆಗೂ ಹಾಲಿವುಡ್ ಸಿನಿಮಾದ ಚೌಕಟ್ಟು ಸಾಮಾನ್ಯವಾಗಿ 1.37:1. ಎತ್ತರ ಒಂದು ಅಡಿ ಇದ್ದರೆ ಅಗಲ 1.37 ಅಡಿ. ಈಗಿನ ಟಿವಿ 16:9, ಅಂದರೆ 1.78:1. ಆ ಚಿತ್ರ ಈ ಪರದೆಯಲ್ಲಿ ಪೂರ್ತಿ ಕಾಣಬೇಕಾದರೆ ಎರಡು ಬದಿಯಲ್ಲಿ ಜಾಗ ಖಾಲಿ ಉಳಿಯಲೇಬೇಕು. 55 ಇಂಚಿನ ಟಿವಿಯಲ್ಲಿ ಒಂದೊಂದು ಬದಿಗೆ ಸುಮಾರು 14 ಸೆಂಟಿಮೀಟರ್. ಝೂಮ್ ಒತ್ತಿದರೆ ಅಗಲ ತುಂಬುತ್ತದೆ, ಎತ್ತರದಲ್ಲಿ ನೂರಕ್ಕೆ 23 ಪಾಲು ಹೋಗುತ್ತದೆ. ಮೇಲೆ ಹನ್ನೊಂದೂವರೆ, ಕೆಳಗೆ ಹನ್ನೊಂದೂವರೆ.

ಮೇಲೆ ಹೋದದ್ದು ಹೋಗಲಿ. ಕೆಳಗೆ ಹೋಗುವುದು ಏನು? ಬೂಟು. ಅಸ್ಟೇರ್ ಕೆಲಸ ಮಾಡುತ್ತಿದ್ದದ್ದೇ ಒಂದು ಹಟದ ಮೇಲೆ: ಕುಣಿಯುವಾಗ ತಲೆಯಿಂದ ಪಾದದವರೆಗೆ ಇಡೀ ಮೈ ಚೌಕಟ್ಟಿನೊಳಗೆ ಇರಬೇಕು, ನಡುವೆ ಕಟ್, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರುವುದು, ಆದಷ್ಟು ಕಡಿಮೆ ಇರಬೇಕು. ಆ ಚೌಕಟ್ಟಿನಲ್ಲಿ ಬೂಟು ಇರುವುದು ಕೆಳಗಿನ ಅಂಚಿನ ಹತ್ತಿರವೇ, ಅದರ ಕೆಳಗೆ ಹೊಳೆಯುವ ನೆಲದ ಒಂದು ತೆಳು ಪಟ್ಟಿ. ಝೂಮ್ ಕತ್ತರಿಸುವುದು ಸರಿಯಾಗಿ ಆ ಪಟ್ಟಿಯನ್ನು, ಬೂಟಿನ ಸಮೇತ. ಟಕಟಕ ಅಂತ ಸದ್ದು ಕೇಳುತ್ತದೆ, ಸದ್ದು ಮಾಡುವ ಬೂಟು ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಹಿನ್ನೆಲೆ ಸಂಗೀತ ಅಂತ ಎಣಿಸಿ ಸುಮ್ಮನಾಗುತ್ತದೆ. ಉಳಿಯುವುದು ಪಾದವಿಲ್ಲದೆ ಅಲ್ಲಾಡುವ ಒಬ್ಬ ಕೋಟುಧಾರಿ. ಬೋರ್ ಆಗದೆ ಇನ್ನೇನಾಗುತ್ತದೆ?

ಝೂಮ್ ಬದಲು ‘ಸ್ಟ್ರೆಚ್’ ಅಥವಾ ‘ವೈಡ್’ ಅಂತ ಇದ್ದರೆ ಕಾಲು ಉಳಿಯುತ್ತದೆ, ಆದರೆ ಎಲ್ಲರೂ ನೂರಕ್ಕೆ 30 ಪಾಲು ದಪ್ಪ. ಕಾಲು ಮೇಲೆತ್ತಿದಾಗ ಗಿಡ್ಡ, ಪಕ್ಕಕ್ಕೆ ಚಾಚಿದಾಗ ಉದ್ದ. ಗಿರಗಿರ ತಿರುಗುವಾಗ ಕೈ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಪತ್ತೆ ಹಚ್ಚುವುದು ಸುಲಭ: ಯಾವುದಾದರೂ ದೃಶ್ಯದಲ್ಲಿ ದುಂಡಗಿನ ಗೋಡೆ ಗಡಿಯಾರ ನೇರವಾಗಿ ಎದುರಿಗೆ ಬಂದಾಗ ಚಿತ್ರ ನಿಲ್ಲಿಸಿ, ಅಳತೆಪಟ್ಟಿ ಹಿಡಿಯಿರಿ. ಅಡ್ಡ ಮತ್ತು ಉದ್ದ ಒಂದೇ ಬರಬೇಕು. ಫೋನಿನಲ್ಲಿ ನೋಡುವವರು ಎರಡು ಬೆರಳಿಂದ ಹಿಗ್ಗಿಸುವ ಚಟ ಬಿಡಿ, ಅದೂ ಝೂಮೇ.

1953ರ ಆಚೆಗಿನ ಸಿನಿಮಾಸ್ಕೋಪ್ ಚಿತ್ರಗಳಿಗೆ ಇದೇ ರೋಗ ಅಡ್ಡಡ್ಡಲಾಗಿ ಬರುತ್ತದೆ. ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’ (1954) 2.55:1. ಅದನ್ನು ಟಿವಿ ತುಂಬ ಹಿಗ್ಗಿಸಿದರೆ ಅಗಲದಲ್ಲಿ ನೂರಕ್ಕೆ 30 ಪಾಲು ಕಳೆಯುತ್ತದೆ. ಏಳು ಜನ ಸಾಲಾಗಿ ನಿಂತರೆ ಇಬ್ಬರು ಗೋಡೆಯ ಆಚೆ.

ಟಿವಿಯ ಮೆನುವಿನಲ್ಲಿ ‘ಪಿಕ್ಚರ್ ಸೈಜ್’ ಅಥವಾ ‘ಆಸ್ಪೆಕ್ಟ್ ರೇಶಿಯೋ’ ಹುಡುಕಿ, 16:9 ಅಥವಾ ‘ಒರಿಜಿನಲ್’ಗೆ ಇಡಿ. ಅದರ ಪಕ್ಕದಲ್ಲೇ ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’ ಅಂತ ಇನ್ನೊಂದು ಇರಬಹುದು, ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಕೆಲವು ಟಿವಿಗಳು ನಾಲ್ಕೂ ಅಂಚಿನಲ್ಲಿ ಸದ್ದಿಲ್ಲದೆ ಒಂದಿಷ್ಟು ನುಂಗುತ್ತವೆ.

ಇನ್ನೊಂದು ಕಳ್ಳ, ಮೋಷನ್ ಸ್ಮೂದಿಂಗ್. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಮೊದಲು ಆಟೋ ಮೋಷನ್ ಪ್ಲಸ್ ಅಂತ ಇದ್ದದ್ದು ಈಗ ಪಿಕ್ಚರ್ ಕ್ಲಾರಿಟಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿ ನಡುನಡುವೆ ತಾನೇ ಊಹಿಸಿದ ಫ್ರೇಮ್‌ಗಳನ್ನು ತುರುಕಿ 60 ಅಥವಾ 120 ಮಾಡುತ್ತದೆ. ಕ್ರಿಕೆಟ್‌ಗೆ ಸರಿ. ಆದರೆ ಕುಣಿತದಲ್ಲಿ ಒಂದು ಕಾಲು ಇನ್ನೊಂದರ ಮುಂದೆ ಹಾದಾಗ ಯಾವುದು ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ, ಎರಡನ್ನೂ ಕಲಸಿ ಮಂಜು ಮಾಡುತ್ತದೆ. ಚುರುಕಾದ ಹೆಜ್ಜೆಗೆ ಇರುವ ಮೊನಚು ಹೋಗಿ, ಎಣ್ಣೆಯ ಮೇಲೆ ಜಾರಿದಂತೆ ಕಾಣುತ್ತದೆ. ಪೂರ್ತಿ ಆಫ್ ಮಾಡಿ. ‘ರಿಯಲ್ ಸಿನಿಮಾ’ ಅಥವಾ ‘ಸಿನೆಮೋಷನ್’ ಅಂತ ಬೇರೆ ಇದ್ದರೆ ಅದು ಇರಲಿ, ಅದು 24 ಫ್ರೇಮನ್ನು ಗುರುತಿಸುವುದಕ್ಕೆ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಒಂದೇ ಒತ್ತಿಗೆ ಬಹುಪಾಲು ಕೆಲಸ ಮುಗಿಯುತ್ತದೆ. ಎಡವುವುದು ಎಲ್ಲಿ ಅಂದರೆ, ಹೊರಗಿನ ಸಾಧನ ಸಿಕ್ಕಿಸುವ ಒಂದು ಎಚ್‌ಡಿಎಂಐ ಪೋರ್ಟ್‌ನಲ್ಲಿ ಬದಲಿಸಿದ್ದು ಟಿವಿಯೊಳಗಿನ ಆ್ಯಪ್‌ಗೆ ಅನ್ವಯವಾಗದೇ ಇರಬಹುದು. ಮಾಮೂಲಿ ಹೊಳಪಿನ ಚಿತ್ರದಲ್ಲಿ (ಎಸ್‌ಡಿಆರ್) ಬದಲಿಸಿದ್ದು ಹೆಚ್ಚು ಹೊಳಪಿನ ಚಿತ್ರಕ್ಕೂ (ಎಚ್‌ಡಿಆರ್) ಹಾಗೆಯೇ. ಸಿನಿಮಾ ಓಡುತ್ತಿರುವಾಗಲೇ ಮೆನು ತೆಗೆದು ನೋಡಬೇಕು.

ಸದ್ದು ಮೂರನೆಯದು. ಟಿವಿಯಿಂದ ಬ್ಲೂಟೂತ್ ಸ್ಪೀಕರ್‌ಗೆ ಹಾಕಿದ್ದರೆ 100ರಿಂದ 200 ಮಿಲಿಸೆಕೆಂಡ್ ತಡ ಸಾಮಾನ್ಯ. ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್, ಹಾಗಾಗಿ ಬೂಟು ನೆಲ ಮುಟ್ಟಿ ಮೂರ್ನಾಲ್ಕು ಫ್ರೇಮ್ ಆದ ಮೇಲೆ ಟಕ್ ಅನ್ನುತ್ತದೆ. ಮಾತಿನ ಸಿನಿಮಾದಲ್ಲಿ ಇದು ಹೇಗೋ ನಡೆದುಹೋಗುತ್ತದೆ, ಬೂಟಿನ ಸದ್ದೇ ತಾಳವಾಗಿರುವ ಟ್ಯಾಪ್ ಡ್ಯಾನ್ಸಿನಲ್ಲಿ ಇಡೀ ಆಟವೇ ಕೆಡುತ್ತದೆ. ತಮಾಷೆ ಅಂದರೆ, ಆ ಟಕಟಕವನ್ನು ಚಿತ್ರೀಕರಣದ ನಂತರ ಪರದೆ ನೋಡಿಕೊಂಡು ಬೇರೆಯಾಗಿ ಧ್ವನಿಮುದ್ರಿಸುವುದೇ ಸ್ಟುಡಿಯೋಗಳ ರೂಢಿಯಾಗಿತ್ತು. ಅವರು ಅಷ್ಟು ಕಷ್ಟಪಟ್ಟು ಕೂಡಿಸಿದ್ದನ್ನು ನಾವು ಸ್ಪೀಕರ್ ಇಟ್ಟು ಬಿಡಿಸುತ್ತೇವೆ. ವೈರ್ ಹಾಕಿ, ಇಲ್ಲವೇ ಸದ್ದು-ಚಿತ್ರ ಹೊಂದಿಸುವ ‘ಎವಿ ಸಿಂಕ್’ ಸರಿಪಡಿಸಿ.

ಪ್ರಿಂಟ್ ಬಗ್ಗೆಯೂ ಒಂದು ಮಾತು. ಅಸ್ಟೇರ್ ಗೋಡೆ ಹತ್ತಿ ಸೂರಿನ ಮೇಲೆ ಕುಣಿಯುವ ‘ರಾಯಲ್ ವೆಡ್ಡಿಂಗ್’ (1951) ಅಮೆರಿಕದಲ್ಲಿ ಹಕ್ಕುಸ್ವಾಮ್ಯ ನವೀಕರಿಸದೆ ಸಾರ್ವಜನಿಕ ಆಸ್ತಿಯಾದ ಚಿತ್ರ. ಹಾಗಾಗಿ ಪುಕ್ಕಟೆ ಸಿಗುತ್ತದೆ, ಮಾಸಿದ ಬಣ್ಣ ಮತ್ತು ಗೊರಗೊರ ಸದ್ದಿನ ಪ್ರತಿಗಳೇ ಹೆಚ್ಚು. ಆ ಇಡೀ ಕೋಣೆಯನ್ನೇ ಕ್ಯಾಮೆರಾ ಸಮೇತ ತಿರುಗಿಸಿದ್ದರು. ಕೆಟ್ಟ ಪ್ರತಿಯಲ್ಲಿ ಕೋಣೆಯ ಅಂಚು ಮಸುಕಾಗಿ ಆ ಚಮತ್ಕಾರವೇ ಗೊತ್ತಾಗುವುದಿಲ್ಲ. ರಿಸ್ಟೋರ್ ಮಾಡಿದ ಪ್ರತಿ ಸಿಗದಿದ್ದರೆ ಬೇರೆ ಸಿನಿಮಾ ನೋಡಿ, ಅವಸರವೇನಿಲ್ಲ.

ಈಗ ನಿಮ್ಮ ‘ಹಳೆಯದಾ ಹೊಸದಾ’ ಪ್ರಶ್ನೆ. ಆ ಗೆರೆಯನ್ನೇ ನಾನು ಒಪ್ಪುವುದಿಲ್ಲ. ಗೆರೆ ಎಳೆಯಬೇಕಾದ್ದು ಕ್ಯಾಮೆರಾ ಕುಣಿಯುವವರನ್ನು ನಂಬುತ್ತದೋ ಇಲ್ಲವೋ ಅನ್ನುವಲ್ಲಿ. ಒಂದು ಹಾಡು ಹಾಕಿ, ಕಟ್ ಆದಾಗಲೆಲ್ಲ ಬೆರಳು ಮಡಚಿ. ಅರ್ಧ ನಿಮಿಷದಲ್ಲಿ ಎರಡೂ ಕೈಯ ಬೆರಳು ಮುಗಿದರೆ ಅಲ್ಲಿ ಕುಣಿಯುತ್ತಿರುವವರು ಎಡಿಟರ್. ಆ ಲೆಕ್ಕದಲ್ಲಿ ‘ಲಾ ಲಾ ಲ್ಯಾಂಡ್’ (2016) ಹಳೆಯವರ ಪಂಕ್ತಿಯಲ್ಲೇ ಕೂರುತ್ತದೆ. ಫಿಲ್ಮ್‌ನಲ್ಲೇ ತೆಗೆದದ್ದು, ಚೌಕಟ್ಟು 2.55:1, ಗುಡ್ಡದ ಮೇಲೆ ಇಳಿಹೊತ್ತಿನಲ್ಲಿ ಇಬ್ಬರೂ ಕುಣಿಯುವುದು ಒಂದೇ ಟೇಕ್. ಹೆದ್ದಾರಿಯ ಮೊದಲ ಹಾಡು ಒಂದೇ ಶಾಟ್‌ನಂತೆ ಕಂಡರೂ ಮೂರು ಶಾಟ್‌ಗಳನ್ನು ಹೊಲಿದದ್ದು, ಹೊಲಿಗೆ ಕಾಣುವುದಿಲ್ಲ. ‘ಮೂಲಾನ್ ರೂಜ್’ (2001) ಇದಕ್ಕೆ ಪೂರ್ತಿ ತಿರುಗುಮುರುಗು, ಕಟ್‌ಗಳ ಸುರಿಮಳೆ. ಅದೂ ಒಂದು ರುಚಿ. ಆದರೆ ಅದನ್ನು ಕುಣಿತ ಅನ್ನಬೇಡಿ.

‘ಈಗಿನವರು ತಾವೇ ಹಾಡುತ್ತಾರೆ, ಹಳೆಯವರದು ಬರೀ ತುಟಿಚಲನೆ’ ಅನ್ನುವ ವಾದವನ್ನೂ ಮುಂದಿಟ್ಟಿದ್ದೀರಿ. ನಿಜವೇ. 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೆ, ‘ಮೈ ಫೇರ್ ಲೇಡಿ’ಯಲ್ಲಿ (1964) ಆಡ್ರಿ ಹೆಪ್‌ಬರ್ನ್‌ಗೆ ಹಾಡಿದವರು ಒಬ್ಬರೇ, ಮಾರ್ನಿ ನಿಕ್ಸನ್. ‘ಸಿಂಗಿನ್ ಇನ್ ದ ರೇನ್’ (1952) ಇನ್ನೂ ಮಜಾ. ಕೆಟ್ಟ ಕಂಠದ ತಾರೆಗೆ ಡೆಬ್ಬಿ ರೇನಾಲ್ಡ್ಸ್ ಪಾತ್ರ ತೆರೆಮರೆಯಲ್ಲಿ ಕಂಠ ಕೊಡುವ ಕಥೆ ಅದು. ಅಸಲಿಗೆ ಆ ಡಬ್ಬಿಂಗ್ ಮಾತು ಆಡಿದವರು ಕೆಟ್ಟ ಕಂಠದ ಪಾತ್ರ ಮಾಡಿದ ಜೀನ್ ಹೇಗನ್ ತಾವೇ, ಹಾಡಿದ್ದು ಬೆಟ್ಟಿ ನೋಯ್ಸ್ ಅನ್ನುವ ಮೂರನೆಯವರು.

ಆದರೆ ಸೆಟ್‌ನಲ್ಲೇ ಲೈವ್ ಹಾಡಿದರೆ ಏನಾಗುತ್ತದೆ ಅಂತಲೂ ನೋಡಿ. ‘ಲೆ ಮಿಸೆರಾಬ್ಲ್’ (2012) ಹಾಗೆ ತೆಗೆದದ್ದು. ನಟರ ಕಿವಿಯಲ್ಲಿ ಪುಟ್ಟ ಇಯರ್‌ಪೀಸ್, ಸೆಟ್‌ನ ಪಕ್ಕದಲ್ಲಿ ಪಿಯಾನೋ ನುಡಿಸುವವರು, ವಾದ್ಯವೃಂದ ಸೇರಿದ್ದು ಆಮೇಲೆ. ಅಳುವಾಗ ದನಿ ಒಡೆಯುವುದು, ಉಸಿರು ಸಿಕ್ಕಿಕೊಳ್ಳುವುದು ಎಲ್ಲ ಅಸಲಿ. ಅದಕ್ಕೇ ಕ್ಯಾಮೆರಾ ಮುಖದ ಮೇಲೆಯೇ ಕುಳಿತಿರುತ್ತದೆ. ಕಾಲು ಎತ್ತಿ ಎತ್ತಿ ಕುಣಿಯುತ್ತಿರುವ ಮನುಷ್ಯ ಅಷ್ಟು ಉದ್ದದ ಸ್ವರ ಹಿಡಿಯಲಾರ, ಏದುಸಿರು ಬಿಡುತ್ತಾನೆ. ಪ್ಲೇಬ್ಯಾಕ್ ಹುಟ್ಟಿದ್ದರಲ್ಲಿ ಮೋಸದ ಪಾಲಿಗಿಂತ ಶ್ವಾಸಕೋಶದ ಪಾಲು ದೊಡ್ಡದು. ‘ಎಲ್ಲ ಲೈವ್’ ಅಂತ ಪ್ರಚಾರ ಜೋರಾದಷ್ಟೂ ಇಲ್ಲಿ ಕುಣಿತ ಕಡಿಮೆ ಇರುತ್ತದೆ ಅಂತಲೇ ನಾನು ಎಣಿಸುವುದು. (‘ವೊಂಕಾ’, ‘ಮೀನ್ ಗರ್ಲ್ಸ್’ ಟ್ರೇಲರ್‌ಗಳಲ್ಲಂತೂ ಇದು ಹಾಡಿನ ಸಿನಿಮಾ ಅನ್ನುವುದನ್ನೇ ಮುಚ್ಚಿಟ್ಟಿದ್ದರು. ಅಷ್ಟು ನಾಚಿಕೆ ಯಾಕೋ.)

ಹಾಡು ಬಂದಾಗ ಕಥೆ ನಿಲ್ಲುತ್ತದೆ ಅನ್ನುವ ದೂರು ಅರ್ಧ ಸರಿ. 1933ರ ‘ಫಾರ್ಟಿ ಸೆಕೆಂಡ್ ಸ್ಟ್ರೀಟ್’ನಂಥವುಗಳಲ್ಲಿ ಹಾಡು ಅಂದರೆ ಕಥೆಯೊಳಗಿನ ನಾಟಕದ ರಂಗಪ್ರದರ್ಶನ. ಕಥೆ ನಿಂತೇ ನಿಲ್ಲುತ್ತದೆ, ನೃತ್ಯ ನಿರ್ದೇಶಕ ಬಸ್ಬಿ ಬರ್ಕ್‌ಲಿಯ ಕ್ಯಾಮೆರಾ ಸೂರಿಗೇರಿ ಹುಡುಗಿಯರನ್ನು ಹೂವಿನ ಎಸಳಿನಂತೆ ಜೋಡಿಸುತ್ತದೆ, ಅದನ್ನು ನೋಡಲೆಂದೇ ಜನ ಹೋಗುತ್ತಿದ್ದದ್ದು. ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಹಾಗಲ್ಲ, ಹಾಡು ಹಾರಿಸಿದರೆ ಕಥೆಯೇ ತಪ್ಪುತ್ತದೆ. ಸಬ್‌ಟೈಟಲ್‌ನಲ್ಲಿ ‘ಎಸ್‌ಡಿಎಚ್’ (ಕಿವಿ ಕೇಳದವರಿಗಾಗಿ ಮಾಡಿದ್ದು) ಅಂತ ಇರುವುದನ್ನೇ ಆರಿಸಿ. ಮಾಮೂಲಿ ಸಬ್‌ಟೈಟಲ್ ಕೆಲವು ಸಲ ಹಾಡಿನ ಸಾಲುಗಳನ್ನು ಕೊಡುವುದಿಲ್ಲ, ಆಗ ಕಥೆ ನಿಂತಂತೆ ಅನ್ನಿಸುವುದು ಸಹಜ.

ಹಳೆಯದೆಲ್ಲ ಬಂಗಾರ ಅಂತ ನಾನೇನೂ ಹೇಳುತ್ತಿಲ್ಲ. ‘ಮೈ ಫೇರ್ ಲೇಡಿ’ ನನಗೆ ಇವತ್ತಿಗೂ 170 ನಿಮಿಷದ ಬಟ್ಟೆ ಪ್ರದರ್ಶನ. ‘ಸ್ವಿಂಗ್ ಟೈಮ್’ನಲ್ಲಿ (1936) ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುವ ದೃಶ್ಯವಿದೆ. ಕುಣಿತ ಎಷ್ಟೇ ಚೆನ್ನಾಗಿರಲಿ, ನೋಡುವಾಗ ಮುಜುಗರವಾಗುತ್ತದೆ, ಆಗಬೇಕು ಕೂಡ.

ಎಲ್ಲಿಂದ ಶುರು ಮಾಡುವುದು? ಇಡೀ ಸಿನಿಮಾದಿಂದ ಬೇಡ. ‘ದಿ ಬ್ಯಾಂಡ್ ವ್ಯಾಗನ್’ನಲ್ಲಿ (1953) ಅಸ್ಟೇರ್ ಮತ್ತು ಸಿಡ್ ಶರೀಸ್ ಪಾರ್ಕಿನಲ್ಲಿ ಕುಣಿಯುವ ದೃಶ್ಯ ಒಂದನ್ನೇ ಹಾಕಿ. ಮಾತಿಲ್ಲ, ಹಾಡಿನ ಸಾಹಿತ್ಯವೂ ಇಲ್ಲ. ಇಬ್ಬರೂ ಸುಮ್ಮನೆ ನಡೆದು ಬರುತ್ತಾರೆ. ನಡಿಗೆಯಲ್ಲಿ ಒಂದು ಹೆಜ್ಜೆ ಸ್ವಲ್ಪ ಬೇರೆಯಾಗುತ್ತದೆ, ಇನ್ನೊಬ್ಬರು ಅದಕ್ಕೆ ಉತ್ತರ ಕೊಡುತ್ತಾರೆ, ಕುಣಿತ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೊನೆಗೆ ಮೆಟ್ಟಿಲು ಹತ್ತಿ ಅದೇ ಲಯದಲ್ಲಿ ಕುದುರೆಗಾಡಿಯೊಳಗೆ ಕೂರುತ್ತಾರೆ. ಶರೀಸ್ ತೊಟ್ಟದ್ದು ಬಿಳಿ ಉಡುಪು, ಕಾಲಿಗೆ ಚಪ್ಪಟೆ ಬೂಟು. ಆ ಬೂಟು ಕಾಣದಿದ್ದರೆ ಮತ್ತೆ ಮೆನುವಿಗೆ ಹೋಗಿ.

ಅದು ಹಿಡಿಸಿದರೆ ಎರಡು ‘ವೆಸ್ಟ್ ಸೈಡ್ ಸ್ಟೋರಿ’ಗಳನ್ನು, 1961ರದ್ದು ಮತ್ತು 2021ರದ್ದು, ಬೆನ್ನುಬೆನ್ನಿಗೆ ನೋಡಿ. ಎರಡೂ ಎರಡೂವರೆ ಗಂಟೆಯ ಮೇಲೆ, ಒಂದೇ ದಿನ ಬೇಡ. ‘ಅಮೆರಿಕಾ’ ಹಾಡು ಮೊದಲನೆಯದರಲ್ಲಿ ರಾತ್ರಿ ತಾರಸಿಯ ಮೇಲೆ, ಎರಡನೆಯದರಲ್ಲಿ ಹಗಲು ಬೀದಿಯಲ್ಲಿ. ಅನೀಟಾ ಪಾತ್ರಕ್ಕೆ ಆಗ ರೀಟಾ ಮೊರೆನೊಗೆ, ಈಗ ಅರಿಯಾನಾ ಡಿಬೋಸ್‌ಗೆ, ಇಬ್ಬರಿಗೂ ಆಸ್ಕರ್ ಬಂತು. ನನ್ನ ಓಟು ಆ ಒಂದು ಹಾಡಿನ ಮಟ್ಟಿಗೆ ಹೊಸದಕ್ಕೆ.

1961ರದ್ದು ಶುರುವಾದಾಗ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಬಣ್ಣ ಬದಲಾಗುವ ಖಾಲಿ ಪರದೆ, ಅದರ ಮೇಲೆ ಉದ್ದುದ್ದ ಗೆರೆಗಳು, ಹಿಂದೆ ವಾದ್ಯಸಂಗೀತ, ಇಷ್ಟೇ ಇರುತ್ತದೆ. ಅದು ಓವರ್ಚರ್, ಕಥೆಗೆ ಮುಂಚಿನ ಪೀಠಿಕೆ ಸಂಗೀತ. ಕೊನೆಯಲ್ಲಿ ಆ ಗೆರೆಗಳೇ ನ್ಯೂಯಾರ್ಕ್ ನಗರವಾಗುತ್ತವೆ. ಟಿವಿ ಹ್ಯಾಂಗ್ ಆಯಿತು ಅಂತ ರಿಮೋಟ್ ಕುಟ್ಟಬೇಡಿ.