ಪಾಪಸ್ ಕಳ್ಳಿ ಹಣ್ಣು: ಜಾಸ್ತಿ ಇಳುವರಿಗೆ ಯಾವ ತಳಿ, ರುಚಿಗೆ ಯಾವುದು?

ಎರಡೂ ಒಂದೇ ತಳಿಯಲ್ಲಿ ಸಿಗುವುದು ಕಷ್ಟ. ಇಟಲಿಯ ಸಿಸಿಲಿಯಲ್ಲಿ ಹಳದಿ ಹಣ್ಣಿನ ಜಲ್ಲಾ, ಕೆಂಪು ರೊಸ್ಸಾ, ಬಿಳಿ ಬಿಯಾಂಕಾ ಬೆಳೆಯುತ್ತಾರೆ. ಇಳುವರಿ ಚೆನ್ನಾಗಿರುವುದರಿಂದ ಜಲ್ಲಾ ತೋಟಗಳೇ ಅಲ್ಲಿ ಜಾಸ್ತಿ. ಮೆಕ್ಸಿಕೋದ ರೇನಾ ತುಂಬಾ ಸಿಹಿ, ರಸವೂ ಹೆಚ್ಚು. ಆದರೆ ಸಿಪ್ಪೆ ತೆಳು, ಬೇಗ ಕೆಡುತ್ತದೆ.

ಸುಮ್ನೆ ಬಣ್ಣ ನೋಡಿ ಸಿಹಿ ಅಳೆಯಬೇಡಿ. ತಿರುಳೆಷ್ಟು, ಗಟ್ಟಿ ಬೀಜಗಳೆಷ್ಟು ನೋಡಿ.

ನನ್ನ ಪ್ರಕಾರ ತಳಿಯಷ್ಟೇ ಮುಖ್ಯವಾದದ್ದು ಆರೈಕೆ. ಎಲೆಯಂತೆ ಕಾಣುವ ದಪ್ಪ ಕಾಂಡದಲ್ಲಿ ಹತ್ತಾರು ಕಾಯಿ ಬಿಟ್ಟರೆ ಲೆಕ್ಕಕ್ಕೆ ಜಾಸ್ತಿ, ಗಾತ್ರಕ್ಕೆ ಚಿಕ್ಕವು. ಆರರಷ್ಟು ಉಳಿಸಿ, ಮಿಕ್ಕವನ್ನು ಎಳೆಯದರಲ್ಲೇ ಕಿತ್ತರೆ ಹಣ್ಣು ದಪ್ಪಗಾಗುತ್ತದೆ. ಸಿಸಿಲಿಯವರು ಮೊದಲ ಹೂಗಳನ್ನೇ ಕಿತ್ತುಹಾಕುತ್ತಾರೆ! ಆಮೇಲೆ ಬರುವ ಹೂಗಳಿಂದ ಶರತ್ಕಾಲದಲ್ಲಿ ದೊಡ್ಡ ಹಣ್ಣು ಸಿಗುತ್ತದೆ. ಕೊಯ್ದ ಮೇಲೆ ಸಿಹಿ ಹೆಚ್ಚುವುದಿಲ್ಲ. ಹಾಗಾಗಿ ಗಿಡದಲ್ಲೇ ಮಾಗಿದ ಹಣ್ಣುಗಳನ್ನೇ ಹೋಲಿಸಿ.