ಅಪ್‌ಗ್ರೇಡ್ ಆದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರಲ್ಲ ಅಂದಿದ್ದಕ್ಕೆ 11 ಹಾಕಿಸಿದೆವು. ಅವತ್ತಿನಿಂದ ನೆಮ್ಮದಿ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ ಪಾಸ್‌ವರ್ಡ್ ಕೇಳುವ ಸ್ಕ್ರೀನ್‌ಗೆ ಬಂದು ನಿಲ್ಲುತ್ತದೆ. ಒಮ್ಮೊಮ್ಮೆ ಪಾಸ್‌ವರ್ಡ್ ಹೊಡೆದರೆ ಮಾಡುತ್ತಿದ್ದ ಕೆಲಸ ಹಾಗೇ ಇರುತ್ತದೆ, ಒಮ್ಮೊಮ್ಮೆ ಎಲ್ಲಾ ಮಾಯ. ಮೊನ್ನೆ ಮದುವೆ ಕಾರ್ಡಿನ ಪ್ರೂಫ್ ತಿದ್ದುವಾಗ ಕಪ್ಪು ಸ್ಕ್ರೀನ್ ಮೇಲೆ ಏನೋ ಇಂಗ್ಲಿಷ್‌ನಲ್ಲಿ ಬಂದು ರೀಸ್ಟಾರ್ಟ್ ಆಯಿತು, ಗಿರಾಕಿ ಎದುರಿಗೇ ಕೂತಿದ್ದರು. ರಿಪೇರಿ ಹುಡುಗ ಫಾರ್ಮ್ಯಾಟ್ ಹೊಡೆದುಬಿಡೋಣ ಅಂತಾನೆ. ಹೊಡೆಸಿಬಿಡಲಾ?
– ಡಿಟಿಪಿ ಅಂಗಡಿಯವರು, ಗಂಗಾವತಿ

ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ಫಾರ್ಮ್ಯಾಟ್ ಹೊಡೆದರೆ ಫಾಂಟು, ಪ್ರಿಂಟರ್, ಕನ್ನಡ ಟೈಪಿಂಗ್‌ನ ನುಡಿ, ಡಿಸೈನ್ ಮಾಡುವ ಕೋರೆಲ್ ಎಲ್ಲಾ ಮತ್ತೆ ಹಾಕಬೇಕು. ಎರಡು ದಿನ ಅಂಗಡಿ ಬಂದ್. ಆಮೇಲೂ ತೊಂದರೆ ಹಾಗೇ ಉಳಿದರೆ ಯಾರನ್ನು ಕೇಳುತ್ತೀರಿ?

ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಒಮ್ಮೊಮ್ಮೆ ಕೆಲಸ ಹಾಗೇ ಇರುತ್ತದೆ, ಒಮ್ಮೊಮ್ಮೆ ಇರಲ್ಲ ಅಂದಿದ್ದೀರಿ. ಅಂದರೆ ನಿಮ್ಮ ಮಿಷನ್‌ಗೆ ಇರುವುದು ಒಂದು ತೊಂದರೆಯಲ್ಲ, ಕಡಿಮೆ ಅಂದರೂ ಎರಡು. ಕೆಲಸ ಹಾಗೇ ಇದ್ದರೆ ಅದು ಲಾಗೌಟ್ ಅಲ್ಲ, ಬರೀ ಲಾಕ್. ಕೆಲಸ ಹೋಗಿದ್ದರೆ ಒಂದೋ ನಿಜವಾಗಿ ಲಾಗೌಟ್ ಆಗಿದೆ, ಇಲ್ಲ ಮಿಷನ್ ರೀಸ್ಟಾರ್ಟ್ ಆಗಿದೆ. ಮೂರೂ ಕೊನೆಗೆ ಬಂದು ನಿಲ್ಲುವುದು ಅದೇ ಪಾಸ್‌ವರ್ಡ್ ಸ್ಕ್ರೀನ್‌ಗೆ, ಅದಕ್ಕೇ ಎಲ್ಲವೂ ಒಂದೇ ಥರ ಕಾಣುತ್ತದೆ. ಜ್ವರಕ್ಕೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ ಫಾರ್ಮ್ಯಾಟ್ ಹೊಡೆಯುವುದು ಇಲ್ಲಿಂದಲೇ ಶುರು.

ಮೊದಲು ಲಾಕ್ ನೋಡಿ, ಅದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ. ಕೆಳಗೆ ಡೈನಾಮಿಕ್ ಲಾಕ್ ಅಂತ ಇರುತ್ತದೆ. ಬ್ಲೂಟೂತ್‌ನಲ್ಲಿ ಜೋಡಿಸಿದ ನಿಮ್ಮ ಮೊಬೈಲ್ ದೂರ ಹೋದರೆ ಕಂಪ್ಯೂಟರ್ ತಾನಾಗಿ ಲಾಕ್ ಆಗುವ ವ್ಯವಸ್ಥೆ ಅದು. ನೀವು ಮೊಬೈಲ್ ಜೇಬಲ್ಲಿ ಇಟ್ಟುಕೊಂಡು ಆಧಾರ್ ಜೆರಾಕ್ಸ್ ತೆಗೆಯಲು ಆಚೆ ಹೋಗುತ್ತೀರಿ, ಇಲ್ಲಿ ಕಂಪ್ಯೂಟರ್ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಅದೇ ಪುಟದಲ್ಲಿ, ನೀವು ದೂರ ಹೋಗಿ ಬಂದಾಗ ಮತ್ತೆ ಪಾಸ್‌ವರ್ಡ್ ಕೇಳಬೇಕಾ ಅನ್ನುವ ಆಯ್ಕೆಯೂ ಇದೆ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಎಷ್ಟು ನಿಮಿಷಕ್ಕೆ ಇದೆ ಅಂತಲೂ ನೋಡಿ. ಜನ ಬಂದು ಹೋಗುವ ಅಂಗಡಿ, ಹಾಗಾಗಿ ಪಾಸ್‌ವರ್ಡ್ ಪೂರ್ತಿ ತೆಗೆಯಿರಿ ಅಂತ ಮಾತ್ರ ಹೇಳಲ್ಲ.

ಇನ್ನು ಕೆಲಸ ಹೋಗುವ ವಿಷಯ. ಮುಂದಿನ ಸಲ ಹಾಗಾದ ತಕ್ಷಣ, ಬೈಯುವ ಮುಂಚೆ, ಲಾಗಿನ್ ಆಗಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಪರ್ಫಾರ್ಮೆನ್ಸ್ ಅನ್ನುವಲ್ಲಿ ಸಿಪಿಯು ಒತ್ತಿದರೆ ಕೆಳಗೆ ಅಪ್ ಟೈಮ್ ಕಾಣುತ್ತದೆ. ಅದು ಎರಡು ಮೂರು ನಿಮಿಷ ತೋರಿಸಿದರೆ ಮಿಷನ್ ಪೂರ್ತಿ ರೀಸ್ಟಾರ್ಟ್ ಆಗಿದೆ. ಗಂಟೆಗಟ್ಟಲೆ ತೋರಿಸಿದರೆ ಮಿಷನ್ ಬದುಕೇ ಇತ್ತು, ನಿಮ್ಮ ಸೆಷನ್ (ಲಾಗಿನ್ ಆಗಿ ತೆರೆದಿಟ್ಟಿದ್ದೆಲ್ಲ) ಮಾತ್ರ ಬಿದ್ದಿದೆ. ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗಲಿ ಅಂತ ವಿಂಡೋಸ್ ಪೂರ್ತಿ ಆಫ್ ಆಗದ ವ್ಯವಸ್ಥೆ) ಆನ್ ಇದ್ದರೆ ರಾತ್ರಿ ಶಟ್‌ಡೌನ್ ಮಾಡಿದರೂ ಈ ಎಣಿಕೆ ಸೊನ್ನೆ ಆಗಲ್ಲ, ಹಾಗಾಗಿ ಐದಾರು ದಿನ ಅಂತ ತೋರಿಸಿದರೆ ಗಾಬರಿ ಆಗಬೇಡಿ.

ರೀಸ್ಟಾರ್ಟ್ ಅಂತ ಗೊತ್ತಾದರೆ ಇವೆಂಟ್ ವ್ಯೂವರ್ (ಮಿಷನ್‌ನಲ್ಲಿ ನಡೆದಿದ್ದರ ದಾಖಲೆ ತೋರಿಸುವ ವಿಂಡೋಸ್‌ನದೇ ಪ್ರೋಗ್ರಾಮ್) ತೆಗೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಸಾವಿರಾರು ಸಾಲು ಇರುತ್ತವೆ, ಹಳದಿ ಕೆಂಪು ಗುರುತು ನೋಡಿ ಹೆದರಬೇಡಿ, ಚೆನ್ನಾಗಿರೋ ಮಿಷನ್‌ನಲ್ಲೂ ಅವು ಇದ್ದೇ ಇರುತ್ತವೆ. ನಿಮಗೆ ಬೇಕಾದ್ದು ಆ ಹೊತ್ತಿನ ಕೆಲವು ನಂಬರ್ ಅಷ್ಟೇ. 1074 ಇದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಅಪ್‌ಡೇಟ್ ತಾನೇ ಹೇಳಿ ರೀಸ್ಟಾರ್ಟ್ ಮಾಡಿಸಿದೆ, ಯಾವುದು ಅಂತ ಹೆಸರೂ ಅಲ್ಲೇ ಇರುತ್ತದೆ. 41 ಇದ್ದರೆ, ಸರಿಯಾಗಿ ಶಟ್‌ಡೌನ್ ಆಗದೆ ಮಿಷನ್ ಮತ್ತೆ ಶುರುವಾಗಿದೆ ಅಂತ ಮಾತ್ರ ಅರ್ಥ. 41 ಕಂಡ ಕೂಡಲೇ ಪವರ್ ಸಪ್ಲೈ ಹೋಗಿದೆ ಅಂತ ಹೊಸದು ಮಾರುವವರಿದ್ದಾರೆ, ಹುಷಾರು. ಆ ಸಾಲು ಒತ್ತಿ ಡೀಟೇಲ್ಸ್‌ಗೆ ಹೋದರೆ ಬಗ್‌ಚೆಕ್ ಕೋಡ್ ಅಂತ ಇರುತ್ತದೆ. ಅದು ಸೊನ್ನೆ ಅಲ್ಲದಿದ್ದರೆ ವಿಂಡೋಸ್ ಒಳಗೇ ಕ್ರ್ಯಾಶ್ ಆಗಿದೆ. ಸೊನ್ನೆ ಇದ್ದರೆ ಕರೆಂಟ್ ಕಡೆ, ಶಾಖದ ಕಡೆ ಮೊದಲು ನೋಡಿ.

ಕರೆಂಟ್ ವಿಷಯ ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಊರಲ್ಲಿ ರೈಸ್ ಮಿಲ್ಲುಗಳ ಸಾಲೇ ಇದೆ. ಪಕ್ಕದಲ್ಲಿ ದೊಡ್ಡ ಮೋಟಾರ್ ಶುರುವಾದರೆ ವೋಲ್ಟೇಜ್ ಒಂದು ಕ್ಷಣ ಬೀಳುತ್ತದೆ, ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿ ಹಳೆಯದಾಗಿದ್ದರೆ ಆ ಕ್ಷಣದಲ್ಲೇ ಕಂಪ್ಯೂಟರ್ ಢಬ್ ಅಂತ ಆಫ್. ಲೈಟ್ ಸ್ವಲ್ಪ ಮಿಣುಕಿದ್ದು ಯಾರೂ ಗಮನಿಸಿರಲ್ಲ. ಪರೀಕ್ಷೆ ಮಾಡುವುದು ಸುಲಭ. ಎಲ್ಲಾ ಸೇವ್ ಮಾಡಿ, ಫೈಲ್ ಮುಚ್ಚಿ, ಯುಪಿಎಸ್‌ನ ಪ್ಲಗ್ ಇರುವ ಗೋಡೆ ಸ್ವಿಚ್ ಆಫ್ ಮಾಡಿ. ಕಂಪ್ಯೂಟರ್ ಐದು ನಿಮಿಷವೂ ನಿಲ್ಲದಿದ್ದರೆ ವಿಂಡೋಸ್ 11ರ ಮೇಲೆ ಕೇಸು ಹಾಕುವ ಮುಂಚೆ ಬ್ಯಾಟರಿ ಬದಲಾಯಿಸಿ. ಯುಪಿಎಸ್ ಇಲ್ಲದೆ ಮನೆಯ ಇನ್ವರ್ಟರ್ ಮೇಲೆ ನಡೆಸುತ್ತಿದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯಾ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಫ್ಯಾನ್, ಲೈಟ್ ನಡೆಯುತ್ತವೆ, ಕಂಪ್ಯೂಟರ್ ಅಷ್ಟು ಹೊತ್ತು ತಡೆಯಲ್ಲ.

ಆದರೆ ಮದುವೆ ಕಾರ್ಡ್ ಹೊತ್ತಲ್ಲಿ ಬಂತು ಅಂದಿರಲ್ಲ, ಆ ಕಪ್ಪು ಸ್ಕ್ರೀನ್, ಅದು ಕರೆಂಟ್ ಹೋಗಿದ್ದರಿಂದ ಅಲ್ಲ. ಹಿಂದೆ ನೀಲಿ ಬರುತ್ತಿತ್ತು, 2025ರಿಂದ ವಿಂಡೋಸ್ 11ರಲ್ಲಿ ಅದನ್ನು ಕಪ್ಪು ಮಾಡಿದ್ದಾರೆ, ವಿಷಯ ಅದೇ. ಕೆಳಗಡೆ ಸ್ಟಾಪ್ ಕೋಡ್ ಅಂತ ಒಂದು ಸಾಲು ಇರುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಅದರಲ್ಲಿ ‘ವಿಡಿಯೋ ಟಿಡಿಆರ್’ ಅಂತ ಬಂದರೆ ಗ್ರಾಫಿಕ್ಸ್ ಡ್ರೈವರ್ (ಸ್ಕ್ರೀನ್ ಚಿತ್ರ ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ, ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂದರೆ ರ‍್ಯಾಮ್ ನೋಡಿಸಬೇಕು, ‘ಡಬ್ಲ್ಯೂಎಚ್ಇಎ’ ಅಂತ ಶುರುವಾದರೆ ಹಾರ್ಡ್‌ವೇರ್, ಹೆಚ್ಚು ಸಲ ಬಿಸಿಯಾಗುವುದರಿಂದಲೋ ಪವರ್‌ನಿಂದಲೋ. ಅಪ್‌ಗ್ರೇಡ್ ಆದ ಮೇಲೆ ಶುರುವಾದ ಕ್ರ್ಯಾಶ್ ಅಂದರೆ ನಾನು ಮೊದಲು ಹಿಡಿಯುವುದು ಗ್ರಾಫಿಕ್ಸ್ ಡ್ರೈವರ್ ಅನ್ನೇ. ಹಳೆ ಡ್ರೈವರ್ ಹಾಗೇ ಹೊಸ ಸಿಸ್ಟಮ್‌ಗೆ ಬಂದಿರುತ್ತದೆ, ಸುಮ್ನೆ ಕೂತಾಗ ಏನೂ ಆಗಲ್ಲ, ಕೋರೆಲ್‌ನಲ್ಲಿ ದೊಡ್ಡ ಚಿತ್ರ ಎಳೆದಾಡಿದ ಕೂಡಲೇ ಬಿದ್ದುಹೋಗುತ್ತದೆ. ಡ್ರೈವರನ್ನು ಕಂಪ್ಯೂಟರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಕಂಪನಿಯ ಸ್ವಂತ ಸೈಟ್‌ನಿಂದಲೇ ಇಳಿಸಿಕೊಳ್ಳಿ. ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಹಾಕಿಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್ ಮುಟ್ಟಲೇಬೇಡಿ. ಹೊಸ ಡ್ರೈವರ್ ಹಾಕಿದ ಮೇಲೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದೇ ಡ್ರೈವರ್ ಮೇಲೆ ರೋಲ್ ಬ್ಯಾಕ್ ಒತ್ತಿ.

ಒಂದು ಮಾತು ರಿಪೇರಿ ಹುಡುಗನನ್ನೇ ಕೇಳಿ: ಈ ಮಿಷನ್ 11ಕ್ಕೆ ಅರ್ಹ ಇತ್ತಾ, ಇಲ್ಲ ಅಡ್ಡದಾರಿಯಲ್ಲಿ ಹಾಕಿದೆಯಾ? ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಷನ್ ಅಥವಾ ಆಮೇಲಿನದು ಬೇಕು. ಅಡ್ಡದಾರಿಯಲ್ಲಿ ಹಾಕಿದ್ದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಹಾಗಾದರೆ 11 ಹಾಕಿಸಿದ ಉದ್ದೇಶವೇ ಹಾಳು. ಅಪ್‌ಗ್ರೇಡ್ ಆಗಿ ಹತ್ತು ದಿನದ ಒಳಗಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ಹಳೆ 10ಕ್ಕೆ ಮರಳಬಹುದು. ಆಮೇಲೆ 10ರ ಆ ಹಳೆ ಸಿಸ್ಟಮ್ ಫೈಲುಗಳು ತಾನಾಗಿ ಅಳಿಸಿಹೋಗುತ್ತವೆ. 10ಕ್ಕೆ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೆಸರು ನೋಂದಾಯಿಸಿದವರಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಅಂತ ಹೇಳಿದ್ದರು. ಮರಳಿದರೂ ನೋಂದಣಿ ಮರೆಯಬೇಡಿ.

ಇದೆಲ್ಲ ಮುಗಿಯುವವರೆಗೆ ಕೋರೆಲ್‌ನಲ್ಲಿ ಆಟೋ ಬ್ಯಾಕಪ್ ಐದು ನಿಮಿಷಕ್ಕೆ ಇಡಿ. ಹೊಸ ಕಾರ್ಡ್ ಶುರು ಮಾಡುವಾಗಲೇ ಹೆಸರು ಕೊಟ್ಟು ಒಮ್ಮೆ ಸೇವ್ ಮಾಡಿ, ‘ಅನ್‌ಟೈಟಲ್ಡ್’ ಅಂತ ಇಟ್ಟುಕೊಂಡು ಮದುಮಕ್ಕಳ ಹೆಸರು ತಿದ್ದುತ್ತಾ ಕೂರಬೇಡಿ.

ಪ್ರಶ್ನೆ: ನಾನು ರಾಯಚೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿ. 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್‌ನ ಉಬುಂಟು 24.04ಕ್ಕೆ ಅಪ್‌ಗ್ರೇಡ್ ಮಾಡಿದೆ. ಬ್ರೌಸರ್‌ನಲ್ಲಿ ಜಾಸ್ತಿ ಟ್ಯಾಬ್ ತೆಗೆದರೆ ಸ್ಕ್ರೀನ್ ಒಮ್ಮೆ ಕಪ್ಪಾಗಿ ಲಾಗಿನ್ ಪುಟ ಬರುತ್ತದೆ, ತೆರೆದಿದ್ದೆಲ್ಲ ಹೋಗಿರುತ್ತದೆ. ರೀಸ್ಟಾರ್ಟ್ ಆಗಿರುವುದಿಲ್ಲ. ವೈರಸ್ಸಾ?

ಉತ್ತರ: ವೈರಸ್ ಅಲ್ಲ. ನಿಮ್ಮದು ನಿಜವಾದ ಲಾಗೌಟ್, ಆದರೆ ಯಾರೂ ಮಾಡಿಸಿದ್ದಲ್ಲ. ಸ್ಕ್ರೀನ್ ಮೇಲೆ ಚಿತ್ರ ತೋರಿಸಲು ನಿಮ್ಮ ಉಬುಂಟುವಿನಲ್ಲಿ ವೇಲ್ಯಾಂಡ್, ಕ್ಸಾರ್ಗ್ ಅಂತ ಎರಡು ವ್ಯವಸ್ಥೆ ಇವೆ. ವೇಲ್ಯಾಂಡ್ ಸೆಷನ್‌ನಲ್ಲಿ ಗ್ನೋಮ್ ಶೆಲ್ (ಉಬುಂಟುವಿನ ಡೆಸ್ಕ್‌ಟಾಪ್) ಬಿದ್ದರೆ ಅದರ ಜೊತೆ ನೀವು ತೆರೆದಿದ್ದೆಲ್ಲವೂ ಬೀಳುತ್ತದೆ. ವಿಂಡೋ ಜೋಡಿಸುವುದೂ ಅದೇ, ಸ್ಕ್ರೀನ್ ಮೇಲೆ ಚಿತ್ರ ಮೂಡಿಸುವುದೂ ಅದೇ. ಕ್ಸಾರ್ಗ್‌ನಲ್ಲಿ ಇವೆರಡೂ ಬೇರೆ ಬೇರೆ, ಶೆಲ್ ಬಿದ್ದರೂ ಮತ್ತೆ ಎದ್ದು ನಿಲ್ಲುತ್ತದೆ, ನಿಮ್ಮ ಟ್ಯಾಬ್ ಉಳಿಯುತ್ತವೆ. ಲಾಗಿನ್ ಪುಟದಲ್ಲಿ ನಿಮ್ಮ ಹೆಸರು ಒತ್ತಿದ ಮೇಲೆ ಕೆಳಗೆ ಬಲಗಡೆ ಹಲ್ಲಿನ ಚಕ್ರದ ಗುರುತು ಬರುತ್ತದೆ, ಅದರಲ್ಲಿ ಉಬುಂಟು ಆನ್ ಕ್ಸಾರ್ಗ್ ಆರಿಸಿ ಕೆಲವು ದಿನ ನೋಡಿ. 24.04ರಲ್ಲಿ ಈ ಆಯ್ಕೆ ಇದೆ. 25.10ರಲ್ಲಿ ತೆಗೆದುಬಿಟ್ಟಿದ್ದಾರೆ, ಅಲ್ಲಿಗೆ ಹಾರುವ ಮುಂಚೆ ಯೋಚಿಸಿ.

ಶೆಲ್ ಯಾಕೆ ಬೀಳುತ್ತದೆ ಅನ್ನುವುದಕ್ಕೆ ನನ್ನ ಅನುಮಾನ ಎರಡು. ಒಂದು, ಗ್ನೋಮ್‌ಗೆ ಹಾಕಿಕೊಂಡ ಹಳೆ ಎಕ್ಸ್‌ಟೆನ್ಶನ್‌ಗಳು, ಅಂದರೆ ಹೆಚ್ಚುವರಿ ಜೋಡಣೆಗಳು. ಎಕ್ಸ್‌ಟೆನ್ಶನ್ಸ್ ಆ್ಯಪ್‌ನಲ್ಲಿ ಎಲ್ಲಾ ಆಫ್ ಮಾಡಿ, ಆಮೇಲೆ ಒಂದೊಂದೇ ಹಾಕುತ್ತಾ ಬನ್ನಿ. ಎರಡನೆಯದು ರ‍್ಯಾಮ್. 4 ಜಿಬಿಯಲ್ಲಿ ಗ್ನೋಮ್ ಮತ್ತು ಇಪ್ಪತ್ತು ಟ್ಯಾಬ್ ಒಟ್ಟಿಗೆ ಉಸಿರಾಡಲ್ಲ. ಮೆಮೊರಿ ಮುಗಿಯುತ್ತಾ ಬಂದರೆ ಸಿಸ್ಟಮ್ ತಾನೇ ಯಾರನ್ನಾದರೂ ಹೊರಗೆ ಹಾಕುತ್ತದೆ. ಉಬುಂಟು 22.04ರಿಂದ ಅದಕ್ಕೆ ಅಂತಲೇ ಸಿಸ್ಟಮ್‌ಡಿ-ಓಒಎಂಡಿ ಅನ್ನುವುದು ಹಿನ್ನೆಲೆಯಲ್ಲಿ ಕೂತಿರುತ್ತದೆ. ಲಾಗೌಟ್ ಆದ ಕೂಡಲೇ ಮತ್ತೆ ಲಾಗಿನ್ ಆಗಿ, ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ (journalctl) ಓಡಿಸಿ ಆ ನಿಮಿಷದ ಸಾಲುಗಳನ್ನು ಓದಿ. ‘ಔಟ್ ಆಫ್ ಮೆಮೊರಿ’ ಅಥವಾ ಓಒಎಂಡಿ ಹೆಸರು ಕಂಡರೆ ರ‍್ಯಾಮ್, ಗ್ನೋಮ್ ಶೆಲ್ ಜೊತೆ ‘ಸೆಗ್‌ಫಾಲ್ಟ್’ (ಕ್ರ್ಯಾಶ್‌ನ ಗುರುತು) ಕಂಡರೆ ಎಕ್ಸ್‌ಟೆನ್ಶನ್ ಅಥವಾ ಗ್ರಾಫಿಕ್ಸ್. ಹೊಸದೊಂದು ಯೂಸರ್ ಅಕೌಂಟ್ ಮಾಡಿ ಅದರಲ್ಲೂ ಒಂದು ದಿನ ಕೆಲಸ ಮಾಡಿ ನೋಡಿ. ಅಲ್ಲಿ ಏನೂ ಆಗದಿದ್ದರೆ ತಪ್ಪು ನಿಮ್ಮ ಹಳೆ ಸೆಟ್ಟಿಂಗ್‌ನದು, ಲ್ಯಾಪ್‌ಟಾಪ್‌ನದಲ್ಲ. ಇದು ವಿಂಡೋಸ್‌ನವರಿಗೂ ಅನ್ವಯಿಸುತ್ತದೆ. ರ‍್ಯಾಮ್ ಹಾಕಿಸುವ ಜಾಗ ಇದ್ದರೆ 8 ಜಿಬಿ ಮಾಡಿಸಿ. ಹಾಗೇ ಫ್ಯಾನಿನ ಧೂಳೂ ತೆಗೆಸಿ, ನಿಮ್ಮೂರ ಏಪ್ರಿಲ್ ಮೇ ತಿಂಗಳ ಬಗ್ಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಅಪ್‌ಗ್ರೇಡ್ ಆದಾಗಿನಿಂದ ಪ್ರತಿ ಬೆಳಿಗ್ಗೆ ಮೇಲ್ ಎಲ್ಲಾ ಲಾಗೌಟ್ ಆಗಿರುತ್ತದೆ, ಕೆಲವು ಸೈಟು ತೆರೆಯುವುದೇ ಇಲ್ಲ, ಸುರಕ್ಷಿತ ಅಲ್ಲ ಅನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆ. ಏನಿದು?

ಉತ್ತರ: ನಾಳೆ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಮೂಲೆಯಲ್ಲಿ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತದೆ ಅನ್ನುವುದು ನನ್ನ ಊಹೆ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತೀರಿ ಅಲ್ವಾ? ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ. ಅದು ಸತ್ತಿದ್ದರೆ ರಾತ್ರಿ ಗಡಿಯಾರ ಹಿಂದೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಸೈಟಿನ ಸರ್ಟಿಫಿಕೇಟ್ (ಅಸಲಿ ಅನ್ನುವ ಗುರುತು, ಅದಕ್ಕೂ ಅವಧಿ ಇರುತ್ತದೆ) ಹೊಂದಲ್ಲ, ಲಾಗಿನ್ ಉಳಿಯಲ್ಲ. ಸ್ವಲ್ಪ ಹೊತ್ತಿಗೆ ಇಂಟರ್ನೆಟ್‌ನಿಂದ ಸಮಯ ಸರಿಹೋಗುತ್ತದೆ, ಅದಕ್ಕೇ ಮಧ್ಯಾಹ್ನ ಎಲ್ಲಾ ಚೆನ್ನಾಗಿರುತ್ತದೆ. ಅಪ್‌ಗ್ರೇಡ್ ಹೊತ್ತಿಗೇ ಬ್ಯಾಟರಿಯೂ ಮುಗಿದಿದ್ದು ಕಾಕತಾಳೀಯ, ಅಷ್ಟೇ. ತಾರೀಖು ಸರಿಯಾಗಿದ್ದರೆ ಮಾತ್ರ ಬ್ರೌಸರ್ ಸೆಟ್ಟಿಂಗ್‌ನಲ್ಲಿ, ಮುಚ್ಚಿದಾಗ ಕುಕ್ಕಿ (ಲಾಗಿನ್ ನೆನಪಿಡುವ ಸಣ್ಣ ಫೈಲು) ಅಳಿಸು ಅನ್ನುವುದು ಆನ್ ಆಗಿದೆಯಾ ನೋಡಿ. ಬ್ಯಾಟರಿ ನಂಬರ್ ಸಾಮಾನ್ಯವಾಗಿ ಸಿಆರ್ 2032, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬದಲಾಯಿಸುವ ಮುಂಚೆ ಪವರ್ ವೈರ್ ಕಿತ್ತಿಡಿ, ಹಾಕಿದ ಮೇಲೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಮದರ್‌ಬೋರ್ಡ್ ಸೆಟ್ಟಿಂಗ್‌ಗೆ) ಹೋಗಿ ತಾರೀಖು ಸರಿ ಮಾಡಿ ಸೇವ್ ಮಾಡಿ.